ಇಲ್ಲದ ಸೂರಿಗೆ ಬಿದ್ದ ತೂತು

ಜಪಾನ್ ದೇಶದಲ್ಲಿ ಬಹಳ ಹಿಂದೆ ರಾಜಧಾನಿಗಳು ನಡೆಯುತ್ತಿದ್ದವು. ನಗಬೇಡಿ, ಇದೊಂದು ಮಾತ್ರ ನಾನು ಕಟ್ಟಿದ್ದಲ್ಲ. ಚಕ್ರವರ್ತಿ ಸತ್ತರೆ ಅರಮನೆಗೆ ಸೂತಕ. ಸೂತಕದ ಅರಮನೆಯಲ್ಲಿ ಹೊಸ ಚಕ್ರವರ್ತಿ ಕೂರುವ ಹಾಗಿಲ್ಲ. ಆದ್ದರಿಂದ ಕಂಬ ಕಿತ್ತು, ಹೆಂಚು ಇಳಿಸಿ, ಬಾಗಿಲು ಬಿಚ್ಚಿ, ಎಲ್ಲವನ್ನೂ ಗಾಡಿಗೆ ಹೇರಿ, ತೆಪ್ಪಕ್ಕೆ ಕಟ್ಟಿ, ರಾಜಧಾನಿ ಎದ್ದು ಇನ್ನೊಂದು ಕಡೆಗೆ ಹೊರಟುಬಿಡುತ್ತಿತ್ತು. ಬಿಟ್ಟುಹೋದ ಜಾಗದಲ್ಲಿ, ಕಂಬ ನಿಂತಿದ್ದ, ಹೊರಲಾಗದ ಬುಡಗಲ್ಲುಗಳು ಉಳಿಯುತ್ತಿದ್ದವು. ಯಾರೂ ಕರೆಯದ ಜನ ಉಳಿಯುತ್ತಿದ್ದರು.

ನಾವು ಆ ಜನ.

ನಮ್ಮ ಊರಿನ ರಾಜಧಾನಿ ಎದ್ದು ಹೋಗುವಾಗ ಕೊನೆಯ ಗಾಡಿಯವನು ತಿರುಗಿ ಕೂಗಿದನಂತೆ: "ಕಂಬ ಒಯ್ತಿದೀವಿ. ಸೂರು ಆಮೇಲೆ ಒಯ್ತೀವಿ. ಕರೆ ಬರೋವರೆಗೂ ಹಿಡ್ಕೊಂಡಿರಿ."

ಕಂಬವಿಲ್ಲದೆ ಸೂರು ಹೇಗೆ ನಿಲ್ಲುತ್ತದಪ್ಪಾ ಅಂತ ಯಾರೂ ಕೇಳಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾಗುವ ಮೊದಲೇ ನಮ್ಮ ಹಿರಿಯರು ಒಬ್ಬೊಬ್ಬರು ಒಂದೊಂದು ಕಲ್ಲು ಹತ್ತಿ ಎರಡೂ ಅಂಗೈ ಮೇಲೆತ್ತಿದರು. ಅವರ ಮಕ್ಕಳು ಎತ್ತಿದರು. ಮಕ್ಕಳ ಮಕ್ಕಳು ಎತ್ತಿದರು. ಈಗಲೂ ಮನೆಗೊಂದು ಕಲ್ಲು, ಕಲ್ಲಿಗೊಬ್ಬರು. ಸೂರ್ಯ ನೆತ್ತಿಗೆ ಬಂದಾಗ ನಗಾರಿ ಮೊಳಗುತ್ತದೆ, ಕೈಗಳು ಏಳುತ್ತವೆ. ಸೂರ್ಯ ಪಡುವಣ ಗುಡ್ಡ ಮುಟ್ಟಿದಾಗ ನಗಾರಿ ಮೊಳಗುತ್ತದೆ, ಕೈಗಳು ಇಳಿಯುತ್ತವೆ. ನಡುವೆ ಒಂದೇ ಮಾತು, ಎಲ್ಲರ ಬಾಯಲ್ಲೂ:

"ಸೂರಿತ್ತು. ಸೂರಿದೆ. ಸೂರಿರುತ್ತದೆ."

ಮಿಕ್ಕ ಹೊತ್ತು ಅದನ್ನು ಯಾರು ಹಿಡಿಯುತ್ತಾರೆ ಅಂತ ಅಜ್ಜಿಯನ್ನು ಕೇಳಿದ್ದೆ. "ಮಿಕ್ಕ ಹೊತ್ತು ಅಭ್ಯಾಸ ಹಿಡಿಯುತ್ತೆ ಕಣೋ" ಅಂದಳು.

ಮಳೆ ಬಂದರೆ ಕಲ್ಲಿನ ಮೇಲಿದ್ದವರು ತೊಪ್ಪೆಯಾಗುತ್ತಾರೆ. ಆದರೆ ಅದನ್ನು ಮಳೆ ಅನ್ನುವ ಹಾಗಿಲ್ಲ. ಸೂರಿನ ಬೆವರು ಅನ್ನಬೇಕು. ಕಲ್ಲು ಹತ್ತಿದವರು ಹೊಳೆ ದಾಟುವ ಹಾಗಿಲ್ಲ, ಯಾಕೆಂದರೆ ದಾಟಿಹೋದ ಕಂಬ ಒಂದೂ ವಾಪಸ್ ಬಂದಿಲ್ಲ. ಒಬ್ಬರ ಕೈ ಸೋತರೆ ಅದೇ ಮನೆಯ ಇನ್ನೊಬ್ಬರು ಆ ಕ್ಷಣವೇ ಕಲ್ಲು ಹತ್ತಬೇಕು. ಹತ್ತಿದರೆ ಮುಗಿಯಿತು, ಸಾಯುವವರೆಗೂ ಅವರು ಕಂಬ.

ನಾನು ಕಂಬವಲ್ಲ. ನಾನು ಕೋಡಂಗಿ. ಹಾಗಂತ ಊರು ಇಟ್ಟ ಹೆಸರು. ಒಮ್ಮೆ ನನ್ನನ್ನೂ ಕಲ್ಲು ಹತ್ತಿಸಿ ನೋಡಿದರು. ಪಕ್ಕದ ಕಲ್ಲಿನ ಮೇಲೆ ಕುಂಬಾರ ಮಾವ ಕೈಯೆತ್ತಿ, ಮೂಗಿನ ಮೇಲೆ ಕೂತ ನೊಣವನ್ನು ಓಡಿಸಲಾಗದೆ ತುಟಿ ಸೊಟ್ಟ ಮಾಡಿ ಊದುತ್ತಿದ್ದ. ನನಗೆ ನಗು ಬಂತು. ನಗು ಹೊಟ್ಟೆಗಿಳಿಯಿತು, ಹೊಟ್ಟೆಯಿಂದ ಮೊಣಕಾಲಿಗಿಳಿಯಿತು. ನಗಾರಿ ತಾತ ಬಂದು ಕಿವಿ ಹಿಡಿದು ಕೆಳಗಿಳಿಸಿದ. "ನಗೋ ಕಂಬ ಅಲ್ಲಾಡುತ್ತೆ. ಅಲ್ಲಾಡೋದು ಕಂಬ ಅಲ್ಲ" ಅಂತ ತೀರ್ಪು ಕೊಟ್ಟ. ಊರಿನಲ್ಲಿ ಕೈ ಖಾಲಿ ಇರುವ ಹಿರಿಯ ಅವನೊಬ್ಬನೇ. ನಗಾರಿ ಬಾರಿಸಲು ಯಾರಾದರೂ ಬೇಕಲ್ಲ. ಕೈ ಖಾಲಿ ಇದ್ದವನೇ ತೀರ್ಪನ್ನೂ ಕೊಡುತ್ತಾನೆ, ಅದು ಎಲ್ಲ ಊರಲ್ಲೂ ಹಾಗೇ.

ಅವತ್ತು ಮನೆಗೆ ಕುಣಿದುಕೊಂಡು ಬಂದೆ, ಬಚಾವಾದೆ ಅಂತ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ಕುಣಿತ ನಿಂತಿತು.

ಯಾಕೆಂದರೆ ನಮ್ಮ ಮನೆಯಲ್ಲಿ ಇರುವವರು ಮೂವರೇ. ಕಲ್ಲಿನ ಮೇಲೆ ಅಜ್ಜಿ. ನಾನು ಲೆಕ್ಕಕ್ಕಿಲ್ಲ. ಅಜ್ಜಿಯ ಕೈ ಸೋತರೆ ಅಕ್ಕ. ಆಚೆ ದಡದ ದೋಣಿಯವನು ಅಕ್ಕನನ್ನು ಕೇಳಿಕೊಂಡು ಬಂದಿದ್ದ. ಕೊಯ್ಲು ಮುಗಿದ ಮೇಲೆ ಕರೆದೊಯ್ಯುತ್ತೇನೆ ಅಂದಿದ್ದ. ಅಕ್ಕ ಹೂಂ ಅಂದಿದ್ದಳು. ಅಷ್ಟು ಸಣ್ಣ ಹೂಂ ಅನ್ನು ನಾನು ಯಾವತ್ತೂ ಕೇಳಿರಲಿಲ್ಲ, ಆದರೆ ಅದು ಹೊಳೆಯಾಚೆಗೂ ಕೇಳಿಸಿತ್ತು.

ಈಗ ಕೊಯ್ಲು ಮುಗಿಯುತ್ತ ಬಂದಿತ್ತು. ಅಜ್ಜಿಯ ಕೈಯೂ ಸೋಲುತ್ತ ಬಂದಿತ್ತು.

"ನೀನು ದಾಟೋವರೆಗೂ ಹಿಡೀತೀನಿ. ಆಮೇಲೆ ಸೂರು ಬೀಳಲಿ, ಆಕಾಶ ಬೀಳಲಿ" ಅನ್ನುತ್ತಿದ್ದಳು ಅಜ್ಜಿ, ಸಂಜೆ ಬಿಸಿನೀರಿನಲ್ಲಿ ಮೊಣಕೈ ಮುಳುಗಿಸಿ. ಅಕ್ಕ ಆ ಕೈಗಳನ್ನು ತಿಕ್ಕುತ್ತಿದ್ದಳು.

ಹಾಳಾದ ರಾಜಧಾನಿ ನೋಡಲು ಜನ ಬರುತ್ತಾರೆ. ದೂರದಿಂದ ಬರುತ್ತಾರೆ, ಎಲೆಯಲ್ಲಿ ಅನ್ನದುಂಡೆ ಕಟ್ಟಿಕೊಂಡು. ಕಲ್ಲುಗಳ ನಡುವೆ ಅಡ್ಡಾಡುತ್ತಾರೆ. "ಆಹಾ, ಎಂಥಾ ಬಯಲು, ಎಂಥಾ ಗಾಳಿ" ಅನ್ನುತ್ತಾರೆ. ಕಲ್ಲಿನ ಮೇಲೆ ನಿಂತವರನ್ನು ನೋಡಿ, ನೋಡದ ಹಾಗೆ ದಾಟುತ್ತಾರೆ. ಅವತ್ತು ಬಂದವಳು ಹಾಗೆ ದಾಟಲಿಲ್ಲ. ಹೊಸ ರಾಜಧಾನಿಯಿಂದ ಬಂದ ಹೆಂಗಸು, ಕೈಯಲ್ಲಿ ಎಣ್ಣೆಕಾಗದದ ಕೊಡೆ. ಅಜ್ಜಿಯ ಮುಂದೆ ನಿಂತಳು.

"ಏನಮ್ಮಾ ಹಿಡ್ಕೊಂಡಿದೀರಿ?"

"ಸೂರು, ತಾಯಿ."

"ಯಾವ ಸೂರು?"

"ಸಿಂಹಾಸನದ ಮಂಟಪದ್ದು."

ಹೆಂಗಸು ಮೇಲೆ ನೋಡಿದಳು. ಕೊಡೆ ಸರಿಸಿ ಮತ್ತೊಮ್ಮೆ ನೋಡಿದಳು. "ಅದು ನಮ್ಮೂರಲ್ಲಿದೆಯಲ್ಲಮ್ಮಾ. ಕಂಬದ ಜೊತೆಗೇ ಬಂತಂತೆ, ಮೊದಲನೇ ಗಾಡೀಲೇ. ಈಗ ಅದರ ಸಂದೀಲಿ ಪಾರಿವಾಳ ಗೂಡು ಕಟ್ಟಿವೆ."

ಅಜ್ಜಿ ತನ್ನ ಅಂಗೈಗಳನ್ನು ಒಮ್ಮೆ ನೋಡಿದಳು. ಆಮೇಲೆ ಕೇಳಿದಳು: "ಹಾಗಾದರೆ ನನ್ನ ಕೈ ಮೇಲಿರೋ ಭಾರ ಯಾರದು, ತಾಯಿ?"

ಹೆಂಗಸು ಅನ್ನದುಂಡೆಯೊಂದನ್ನು ಕಲ್ಲಿನ ಬುಡದಲ್ಲಿಟ್ಟು, ದೇವರಿಗೋ ಭಿಕ್ಷುಕರಿಗೋ ಇಟ್ಟ ಹಾಗೆ, ಹೊರಟುಹೋದಳು.

ಮನೆಗೆ ಬಂದ ಮೇಲೆ ನಾನು ಹಾರಾಡಿದೆ. "ಕೇಳಿಸ್ಕೊಂಡೆಯಾ ಅಜ್ಜಿ? ಸೂರು ಅಲ್ಲಿದೆಯಂತೆ!"

"ಕೇಳಿಸ್ಕೊಂಡೆ. ಪಾರಿವಾಳ ಗೂಡು ಕಟ್ಟಿವೆಯಂತೆ. ಹಿಕ್ಕೆ, ಗರಿ, ಗಲೀಜು. ನಮ್ಮದು ಚೊಕ್ಕವಾಗಿದೆ."

"ನಿಮ್ಮದು ಇಲ್ಲವೇ ಇಲ್ಲ!"

"ಇಲ್ಲದ್ದಕ್ಕೆ ಇಷ್ಟು ನೋವು ಯಾಕಾಗುತ್ತೋ ಕೋಡಂಗಿ?" ಅಂದು ಅಜ್ಜಿ ಕೈ ಚಾಚಿದಳು. ಅಕ್ಕ ತಿಕ್ಕಲು ಕೂತಳು. ನನ್ನ ಕಡೆ ನೋಡಿ ಮೆಲ್ಲಗೆ ಅಂದಳು, "ಸುಮ್ನಿರೋ ತಮ್ಮಾ. ಇನ್ನು ನಾಡಿದ್ದು ದೋಣಿ ಬರುತ್ತೆ. ಅಲ್ಲಿವರೆಗೆ ಏನೂ ಮಾಡಬೇಡ."

ಏನೂ ಮಾಡಬೇಡ ಅಂತ ನನಗೆ ಹೇಳುವುದು ಬೆಕ್ಕಿಗೆ ಮೀನು ಕಾಯಲು ಹೇಳಿದ ಹಾಗೆ.

ಮರುದಿನ ನಗಾರಿ ಮೊಳಗಿ ಎಲ್ಲರ ಕೈ ಮೇಲೆದ್ದ ಮೇಲೆ ನಾನು ಗಾಳಿಪಟ ಹಿಡಿದುಕೊಂಡು ಬಯಲಿಗಿಳಿದೆ. ಬಿದಿರುಕಡ್ಡಿ, ಕಾಗದ, ಅದರ ಮೇಲೆ ನಾಲಿಗೆ ಚಾಚಿದ ನನ್ನದೇ ಮುಖ. ಸೂರಿನ ಎತ್ತರ ಎಲ್ಲರಿಗೂ ಗೊತ್ತು: ಬಯಲಿನ ಮೂಲೆಯ ದೇವದಾರು ಮರದ ತುದಿ. ಅದಕ್ಕಿಂತ ಮೇಲೆ ಕಲ್ಲು ಎಸೆಯಬಾರದು, ಅದರ ಕಡೆ ಬೆರಳು ತೋರಿಸಬಾರದು. ನಾನು ಅಜ್ಜಿಯ ಕಲ್ಲಿನ ಪಕ್ಕ ನಿಂತು ಗಾಳಿ ನೋಡಿ ಬಿಟ್ಟೆ.

"ಏ ಕೋಡಂಗಿ! ಇಳಿಸೋ ಅದನ್ನ!" ಕುಂಬಾರ ಮಾವ ಅರಚಿದ.

"ಬಂದು ಇಳಿಸಿ ಮಾವಾ!"

"ಸೂರಿಗೆ ತಾಗುತ್ತೆ ಕಣೋ, ಅಯ್ಯೋ!"

"ತಾಗಲಿ ಅತ್ತೇ, ಸದ್ದು ಕೇಳೋಣ!"

ಬಯಲಿನ ತುಂಬ ಜನ. ಎಲ್ಲರೂ ಬೈಯುವವರೇ, ಹಿಡಿಯುವವರು ಒಬ್ಬರೂ ಇಲ್ಲ. ಕಲ್ಲಿನ ಮೇಲಿನವರ ಕೈ ಮೇಲೆ, ಮಿಕ್ಕವರು ಕೊಯ್ಲಿನ ಗದ್ದೆಯಲ್ಲಿ. ನಗಾರಿ ತಾತನ ಕೈ ಮಾತ್ರ ಖಾಲಿ, ಆದರೆ ಅವನ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಅವನು ಒಂದು ಕಲ್ಲು ಸುತ್ತುವುದರೊಳಗೆ ನಾನು ದಾರ ಬಿಟ್ಟೆ, ಇನ್ನಷ್ಟು ಬಿಟ್ಟೆ, ಗಾಳಿಪಟ ದೇವದಾರಿನ ಸೊಂಟ ದಾಟಿತು, ಕೊರಳು ದಾಟಿತು, ತುದಿ ದಾಟಿತು.

ಏನೂ ಆಗಲಿಲ್ಲ. ಸದ್ದಿಲ್ಲ. ನನ್ನ ಕಾಗದದ ಮುಖ ಅಲ್ಲಿ ಮೇಲೆ ನಾಲಿಗೆ ಚಾಚಿಕೊಂಡು ಕುಣಿಯುತ್ತಿತ್ತು.

ಎಲ್ಲರೂ ತಲೆಯೆತ್ತಿ ನೋಡಿದರು. ಚಕ್ರವರ್ತಿ ಹೋದ ಮೇಲೆ ಆ ಬಯಲಿನಲ್ಲಿ ಎಲ್ಲರೂ ಒಟ್ಟಿಗೆ ತಲೆಯೆತ್ತಿದ್ದು ಅದೇ ಮೊದಲಿರಬೇಕು. ಕೆಲವರ ಬೆರಳು ಮಡಿಚಿದವು. ಒಬ್ಬಳ ಮೊಣಕೈ ಸ್ವಲ್ಪ ಬಾಗಿತು. ನಾನು ಕೂಗಿದೆ: "ನೋಡಿ! ಎಲ್ಲಿದೆ ಸೂರು? ಇಳಿಸಿ ಕೈ!"

ನಗಾರಿ ತಾತ ಬಯಲಿನ ನಡುವೆ ನಿಂತು, ಕೋಲು ಮೇಲೆತ್ತಿ, ಒಡೆದ ದನಿಯಲ್ಲಿ ಒಂದೇ ಮಾತು ಹೇಳಿದ.

"ತೂತು!"

"ತೂತು!" ಅಂದಿತು ಒಂದು ಕಲ್ಲು. "ತೂತು, ತೂತು" ಅಂದವು ಎಲ್ಲ ಕಲ್ಲುಗಳು. "ಅಯ್ಯೋ, ಸೂರಿಗೆ ತೂತು ಮಾಡಿಬಿಟ್ಟ!"

ಆಗಲೇ ನಾಲ್ಕು ಹನಿ ಮಳೆ ಬೀಳಬೇಕೇ? ಬಿತ್ತು. "ಸೋರ್ತಿದೆ! ನೋಡಿ, ಸೋರ್ತಿದೆ!" ತಲೆತಲಾಂತರದಿಂದ ತೊಪ್ಪೆಯಾಗಿ ನಿಂತವರು ನಾಲ್ಕು ಹನಿಗೆ ಗೋಳಾಡಿದರು.

ಗಾಳಿ ಓರೆಯಾಗಿತ್ತು. ದಾರ ನನ್ನ ಕೈಯಿಂದ ಹೊರಟು ಕುಂಬಾರ ಮಾವನ ತಲೆಯ ಮೇಲೆ ಹಾದು ಆಕಾಶಕ್ಕೆ ಹೋಗಿತ್ತು. "ನನ್ನ ತಲೆ ಮೇಲೇ ಮಾಡಿದನಲ್ಲಪ್ಪಾ!" ಅಂತ ಮಾವ ಅಳಲು ಶುರುಮಾಡಿದ. ಅತ್ತ. ನಿಲ್ಲಿಸಿದ. ಅವನಿಗೆ ಏನೋ ಹೊಳೆಯಿತು.

"ತಾತಾ, ತೂತು ಅಂದರೆ ಅಲ್ಲಿ ಸೂರಿಲ್ಲ ಅಂತ ತಾನೇ?"

"ಹೌದು, ಇಲ್ಲ."

"ಸೂರಿಲ್ಲದ ಕಡೆ ನಾನು ಹಿಡೀತಿರೋದು ಏನನ್ನ?"

ನಗಾರಿ ತಾತ ಕೋಲಿನಿಂದ ಬೆನ್ನು ಕೆರೆದುಕೊಂಡ. ಮೇಲೆ ನೋಡಿದ, ಕೆಳಗೆ ನೋಡಿದ. ಅವನು ಕೆಟ್ಟವನಲ್ಲ. ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ನಗಾರಿ ಕೈತಪ್ಪುತ್ತದೆ ಅಂತ ಹೆದರಿದವನು, ಅಷ್ಟೆ. "ತೂತಿನ ಕೆಳಗೆ ಕಂಬ ಬೇಡ" ಅಂದ. "ಅಲ್ಲಿಯ ಭಾರ ಪಕ್ಕದ ಕಲ್ಲಿಗೆ ಹೋಗುತ್ತೆ."

ಕುಂಬಾರ ಮಾವ ಕೈ ಇಳಿಸಿದ. ಇಳಿಸಿ ಮೊದಲು ಮೂಗು ಕೆರೆದುಕೊಂಡ. ಕಣ್ಣು ಮುಚ್ಚಿ, ಉಸ್ಸಪ್ಪಾ ಅಂತ, ಅಪ್ಪನ ಕಾಲದ ತುರಿಕೆ, ತಾತನ ಕಾಲದ ತುರಿಕೆ, ಎಲ್ಲ ಸೇರಿಸಿ ಕೆರೆದುಕೊಂಡ. ನನಗೆ ನಗು ಬಂತು.

ಆಗ ಪಕ್ಕದಲ್ಲಿ "ಹಾ" ಅಂತ ಸಣ್ಣ ದನಿ. ಪಕ್ಕದ ಕಲ್ಲು ಅಜ್ಜಿಯದು. ಅವಳ ಮೊಣಕಾಲು ಬಾಗಿತ್ತು. ಹಣೆಯಲ್ಲಿ ಬೆವರು ಮೂಡಿತ್ತು. ಅವಳ ಅಂಗೈ ಮೇಲೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ, ಆ ಗಾಳಿ ಅವಳನ್ನು ಒತ್ತುತ್ತಿತ್ತು.

"ಅಜ್ಜೀ, ನಾಳೆ ನಿನ್ನ ತಲೆ ಮೇಲೂ ಒಂದು ತೂತು ಮಾಡ್ತೀನಿ" ಅಂದೆ. "ಗಾಳಿ ನೇರ ಇರೋವಾಗ."

ನಾಳೆ ಅಂದವನೇ ಕೋಡಂಗಿ.

ಆ ನಾಳೆ ಬೆಳಗಾದಾಗ ಊರಿನ ಒಂದು ಬಾಗಿಲಲ್ಲೂ ಕಾಗದವಿರಲಿಲ್ಲ. ನಮ್ಮಲ್ಲಿ ಬಾಗಿಲಿಗೆ ಕಾಗದ ಅಂಟಿಸುತ್ತಾರೆ. ಎಲ್ಲರೂ ಅದನ್ನು ಕಿತ್ತಿದ್ದರು. ಬರೀ ಚೌಕಟ್ಟು ನಿಂತ ಮನೆಗಳೊಳಗೆ ಗಂಜಿ ಕುದಿಯುವುದು, ಕೂಸು ಅಳುವುದು ಎಲ್ಲ ಬೀದಿಗೆ ಕಾಣುತ್ತಿತ್ತು. ಕಿತ್ತ ಕಾಗದವೆಲ್ಲ ಗಾಳಿಪಟವಾಗಿತ್ತು. ಮಧ್ಯಾಹ್ನದ ನಗಾರಿ ಕೇಳಿ ನಾನು ಓಡಿ ಬಯಲು ಮುಟ್ಟುವಷ್ಟರಲ್ಲಿ ಆಕಾಶದಲ್ಲಿ ಜಾಗವಿರಲಿಲ್ಲ. ಮನೆಮನೆಯವರೂ ತಮ್ಮ ತಮ್ಮ ಕಲ್ಲಿನ ಮೇಲೆ ನೇರ ಗುರಿಯಿಟ್ಟು ಬಿಡುತ್ತಿದ್ದರು. "ನಮ್ಮದು ದಾಟಿತು ತಾತಾ, ನೋಡಿ!" "ನಮ್ಮದೂ!" ತಾತ ಪ್ರತಿಸಲವೂ ಕೋಲೆತ್ತಿ "ತೂತು" ಅನ್ನುತ್ತಿದ್ದ. "ತೂತು" ಅಂದಾಗಲೆಲ್ಲ ಒಂದು ಜೊತೆ ಕೈ ಇಳಿಯುತ್ತಿತ್ತು. ಜನ ನಗುತ್ತಿದ್ದರು. ನನ್ನ ಊರು ನಗುವುದನ್ನು ನಾನು ಕಂಡದ್ದು ಅದೇ ಮೊದಲು. ನನಗೊಬ್ಬನಿಗೆ ನಗು ಬರಲಿಲ್ಲ.

ನಾನೂ ಬಿಟ್ಟೆ. ನನ್ನದು ಏರಿತು, ದೇವದಾರಿನ ಕೊರಳವರೆಗೆ. ಅಲ್ಲಿ ಕುಂಬಾರ ಮಾವನ ದಾರಕ್ಕೆ ಸಿಕ್ಕಿತು. ಅವನಿಗೆ ಗಾಳಿಪಟ ಬೇಕೇ ಇರಲಿಲ್ಲ, ಸುಮ್ಮನೆ ಖುಷಿಗೆ ಹಾರಿಸುತ್ತಿದ್ದ. ನನ್ನ ದಾರ ತುಂಡಾಯಿತು. ನಾಲಿಗೆ ಚಾಚಿದ ನನ್ನ ಮುಖ ತೇಲಿಕೊಂಡು ಹೊಳೆಯ ಕಡೆಗೆ ಹೋಯಿತು.

"ಸಾಕು!" ಅಂದ ನಗಾರಿ ತಾತ. "ಇನ್ನೊಂದು ತೂತು ಬಿದ್ದರೆ ಸೂರೇ ಇಲ್ಲ. ಸೂರು ಇಲ್ಲದಿದ್ದರೆ, ಒಯ್ಯೋಕೆ ಬಂದವರಿಗೆ ಏನು ಕೊಡ್ತೀರಿ?"

ಎಲ್ಲರೂ ಹೌದೌದು ಅಂದರು. ಎಲ್ಲರೂ ತಿರುಗಿ ನೋಡಿದರು. ಬಯಲಿನ ತುಂಬ ಖಾಲಿ ಕಲ್ಲು. ಒಂದು ಕಲ್ಲಿನ ಮೇಲೆ ಮಾತ್ರ ಅಜ್ಜಿ.

ಊರಿನ ಅಷ್ಟೂ ಸೂರು ಅವಳ ಅಂಗೈ ಮೇಲಿತ್ತು.

ನೋಡಿ, ಅಲ್ಲಿ ಏನೂ ಇಲ್ಲ ಅಂತ ನನಗೆ ಗೊತ್ತು. ಗಾಳಿಪಟ ಬಿಟ್ಟು ನೋಡಿದವನು ನಾನು. ಆದರೂ ಅವಳ ಹಿಮ್ಮಡಿ ಪಾಚಿಗೆ ಒತ್ತಿ, ಪಾಚಿಯಿಂದ ನೀರು ಒಸರುವುದನ್ನು ಕಂಡೆ. ಅವಳ ಕೊರಳ ನರ ಹಗ್ಗದ ಹಾಗೆ ಬಿಗಿದಿತ್ತು. ಊರವರು ಸುತ್ತ ಹುಲ್ಲಿನ ಮೇಲೆ ಕೂತರು. ಬುತ್ತಿ ಬಿಚ್ಚಿದರು. ಕೈ ಖಾಲಿಯಾದವರ ಬಾಯಿ ತುಂಬುವುದು ಎಷ್ಟು ಬೇಗ ಅಂತೀರಿ!

"ಬೆನ್ನು ನೆಟ್ಟಗಿರಲಿ ಅಜ್ಜಮ್ಮಾ!"

"ಅಂಗೈ ಅಗಲ ಮಾಡಿ, ಭಾರ ಹಂಚುತ್ತೆ."

"ನಮ್ಮ ಅಪ್ಪ ಹೇಗೆ ನಿಲ್ತಿದ್ದರು ಗೊತ್ತಾ, ಉಸಿರು ಆಡೋದೂ ಕಾಣ್ತಿರಲಿಲ್ಲ."

ಹೊಳೆಯ ಕಡೆಯಿಂದ ದೋಣಿಯವನ ಕೂಗು ಕೇಳಿತು. ಅಕ್ಕ ಬಯಲಿನ ಅಂಚಿನಲ್ಲಿ ಗಂಟು ಹಿಡಿದು ನಿಂತಿದ್ದಳು. ಹೊಸ ಹುಲ್ಲಿನ ಚಪ್ಪಲಿ ಹಾಕಿದ್ದಳು. ಹೊಳೆಯ ಕಡೆ ಒಂದು ಹೆಜ್ಜೆ ಇಟ್ಟಳು. ಅಜ್ಜಿಯ ಎಡಗೈ ಒಂದಿಷ್ಟು ಕೆಳಗೆ ಬಂತು. ಕೂತವರೆಲ್ಲ ಎದ್ದರು.

"ಹುಡುಗೀ, ಹತ್ತು ಕಲ್ಲು!" ಅಂದ ತಾತ.

"ಬೇಡ" ಅಂದಳು ಅಜ್ಜಿ ಹಲ್ಲು ಕಚ್ಚಿ. "ದಾಟು. ಹಿಡಿದಿದೀನಿ ನಾನು. ದಾಟೇ."

"ದಾಟಿದರೆ ಸೂರು ಯಾರ ಮೇಲೆ ಬೀಳುತ್ತೆ ಗೊತ್ತಾ? ನಮ್ಮ ಮಕ್ಕಳ ಮೇಲೆ!" ಕುಂಬಾರ ಮಾವನ ಹೆಂಡತಿ ಅಕ್ಕನ ರಟ್ಟೆ ಹಿಡಿದಳು. ಇನ್ನೊಬ್ಬಳು ಗಂಟು ಕಿತ್ತುಕೊಂಡಳು. ಅವರೂ ಕೆಟ್ಟವರಲ್ಲ. ಅವರ ಮಕ್ಕಳು ನಿಜವಾಗಿಯೂ ಅಲ್ಲೇ ಆಡುತ್ತಿದ್ದವು. ಅಕ್ಕನನ್ನು ಕಲ್ಲಿನವರೆಗೆ ತಂದರು.

"ನಾನು ನಿಲ್ತೀನಿ!" ಅಂದೆ. "ತಾತಾ, ನಾನು! ನಗಲ್ಲ. ನೋಡಿ, ನಗ್ತಿಲ್ಲ."

ಅವರು ನಕ್ಕರು. ನಾನು ಅಳುತ್ತಿದ್ದೆ, ಅದಕ್ಕೂ ನಕ್ಕರು. ಇವನು ಅಳೋ ಆಟ ಕಟ್ಟಿದ್ದಾನೆ ಅಂದರು.

ಅಕ್ಕ ಒಂದು ಕಾಲು ಕಲ್ಲಿನ ಮೇಲಿಟ್ಟಳು. ಅವಳ ಕೈಗಳು ಇನ್ನೂ ಕೆಳಗಿದ್ದವು. ಅವು ಮೇಲೆದ್ದರೆ ಮುಗಿಯಿತು.

ನಾನು ಜನರ ಕಾಲುಗಳ ನಡುವೆ ನುಗ್ಗಿ, ಕಲ್ಲಿನ ಮೇಲೆ ಹಾರಿ, ಅಜ್ಜಿಯ ಎರಡು ಕಂಕುಳಿಗೆ ಕೈಹಾಕಿ ಕಚಗುಳಿಯಿಟ್ಟೆ.

ಕಂಬಕ್ಕೆ ಯಾರೂ ಯಾವತ್ತೂ ಕಚಗುಳಿ ಇಟ್ಟಿರಲಿಲ್ಲ. ಅಜ್ಜಿ ಮೊದಲು "ಏ" ಅಂದಳು. ಆಮೇಲೆ "ಬೇಡ್ವೋ" ಅಂದಳು. ಆಮೇಲೆ ಅವಳ ಹೊಟ್ಟೆಯ ಆಳದಿಂದ ನಗು ಬಂತು, ಚಿಕ್ಕ ಹುಡುಗಿಯ ನಗು, ಅವಳು ಕಲ್ಲು ಹತ್ತುವ ಮೊದಲು ಎಲ್ಲೋ ಇಟ್ಟು ಮರೆತದ್ದು. ನಗುತ್ತ ನಗುತ್ತ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡಳು. ಎರಡೂ ಕೈ ಕೆಳಗೆ ಬಂದವು.

"ಬಿತ್ತು!" ಅಂತ ತಾತ ಕಿರುಚಿದ.

ಇಡೀ ಊರು ನೆಲಕ್ಕೆ ಬಿತ್ತು. ತಾಯಂದಿರು ಮಕ್ಕಳ ಮೇಲೆ ಬಿದ್ದರು. ಕುಂಬಾರ ಮಾವ ಬೋರಲು ಬಿದ್ದು ತಲೆಯ ಮೇಲೆ ಕೈ ಮುಚ್ಚಿಕೊಂಡ. ತಾತ ನಗಾರಿಯ ಪಕ್ಕ ಬಿದ್ದ. ಅಜ್ಜಿಯೂ ನನ್ನ ಕೈಯಿಂದ ಜಾರಿ ಹುಲ್ಲಿನ ಮೇಲೆ ಅಂಗಾತ ಮಲಗಿದಳು, ನಗು ಇನ್ನೂ ಮುಖದ ಮೇಲಿರುವಾಗಲೇ. ಆಮೇಲೆ ಯಾರೂ ಅಲ್ಲಾಡಲಿಲ್ಲ. ಬಯಲಿನ ತುಂಬ ಬಿಸಿಲು. ಗಾಳಿಗೆ ಹುಲ್ಲು ಬಾಗಿ ಏಳುತ್ತಿತ್ತು. ಅಷ್ಟೂ ಜನ, ಒಬ್ಬರ ಮೇಲೂ ಒಂದು ಹೆಂಚಿನ ಚೂರೂ ಇಲ್ಲದೆ, ಸೂರಿನಡಿ ಸಿಕ್ಕಿಕೊಂಡು ಬಿದ್ದಿದ್ದರು.

"ಉಸಿರು ಕಟ್ತಿದೆ" ಅಂತ ಯಾರೋ ನರಳಿದರು.

"ಅಲ್ಲಾಡಬೇಡಿ" ಅಂತ ತಾತನ ದನಿ. "ಅಲ್ಲಾಡಿದರೆ ಇನ್ನಷ್ಟು ಕುಸಿಯುತ್ತೆ. ರಾಜಧಾನಿಯವರು ಬರ್ತಾರೆ. ಬಂದು ತೆಗೀತಾರೆ."

ನಾನು, ಅಕ್ಕ, ಇಬ್ಬರೇ ನಿಂತಿದ್ದೆವು.

"ಹೋಗು" ಅಂದೆ.

"ಅಜ್ಜಿ?"

"ನಾನಿದೀನಿ. ಬಿದ್ದ ಸೂರಿಗೆ ಕಂಬ ಬೇಡ, ಹೋಗು ಅಕ್ಕಾ."

ಅಕ್ಕ ಬಗ್ಗಿ ಅಜ್ಜಿಯ ಕೈಗಳನ್ನು ಒಮ್ಮೆ ತಿಕ್ಕಿದಳು. ಆಮೇಲೆ ಮಲಗಿದವರ ನಡುವೆ ಕಾಲಿಗೆ ಜಾಗ ಹುಡುಕುತ್ತ, ಒಬ್ಬರನ್ನೂ ತುಳಿಯದೆ, ಬಯಲು ದಾಟಿ ಹೋದಳು. ಗಂಟು ತೆಗೆದುಕೊಳ್ಳಲಿಲ್ಲ. ತಿರುಗಿ ನೋಡಿದಳೋ ಇಲ್ಲವೋ, ನನಗೆ ಕಣ್ಣು ಮಂಜಾಗಿತ್ತು. ದೋಣಿಯ ಹುಟ್ಟು ನೀರಿಗೆ ಬೀಳುವ ಸದ್ದು ಮಾತ್ರ ಕೇಳಿತು.

ನಾನು ಅಜ್ಜಿಯ ಭುಜ ಹಿಡಿದು ಅಲ್ಲಾಡಿಸಿದೆ. "ಅಜ್ಜೀ, ಏಳು. ಮನೆಗೆ ಹೋಗೋಣ."

"ಯಾರದು? ಕೋಡಂಗೀನಾ?" ಅವಳ ಕಣ್ಣು ತೆರೆದಿತ್ತು, ನನ್ನನ್ನು ದಾಟಿ ನೋಡುತ್ತಿತ್ತು. "ಎಷ್ಟು ಕತ್ತಲೋ ಇಲ್ಲಿ. ನೀನೂ ಸಿಕ್ಕಿಹಾಕ್ಕೊಂಡೆಯಾ?"

ಇಲ್ಲ ಅಜ್ಜಿ, ಹಗಲು, ಬಿಸಿಲು, ಎದ್ದು ನೋಡು. ಹೇಳಬೇಕಾದ ಮಾತು ಅದು. ಬಾಯಿ ತೆರೆದೆ. ಅಕ್ಕಪಕ್ಕದ ಹುಲ್ಲಿನಲ್ಲಿ ಎಲ್ಲರೂ ಉಸಿರು ಹಿಡಿದು ನನ್ನ ಉತ್ತರಕ್ಕೆ ಕಾಯುತ್ತಿದ್ದ ಹಾಗಿತ್ತು. ನಾನು ಅವಳ ಪಕ್ಕದಲ್ಲಿ ಮಲಗಿಕೊಂಡೆ.

"ಹೂಂ ಅಜ್ಜಿ. ಇಲ್ಲೇ ಇದೀನಿ."

"ಅವಳು?"

"ದಾಟಿದಳು."

ಅಜ್ಜಿ ಉಸಿರು ಬಿಟ್ಟಳು. ಸೂರ್ಯ ನೇರ ಅವಳ ಮುಖಕ್ಕೆ ಹೊಡೆಯುತ್ತಿತ್ತು. ರೆಪ್ಪೆ ಮುಚ್ಚದ ಕಣ್ಣುಗಳಿಂದ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು. ನಾನು ಅವಳ ಕಣ್ಣಿನ ಮೇಲೆ ನೆರಳು ಬೀಳುವ ಹಾಗೆ ಅಂಗೈ ಅಡ್ಡ ಹಿಡಿದೆ.

ಸ್ವಲ್ಪ ಹೊತ್ತಿಗೆ ಕೈ ನೋಯತೊಡಗಿತು. ಇಳಿಸಲಿಲ್ಲ.